ಹೇಳದೆ ಉಳಿಸಿಕೊಂಡ ಅಕ್ಷರ

ಜೈನುದ್ದೀನ ಮುಜಾವರ ಜಿಪುಣ ಮನುಷ್ಯ. ಚಹಾ ಕುಡಿಸುವಾಗ, ಮದುವೆಗೆ ಆಹೇರಿ ಮಾಡುವಾಗ ಅವನ ಕೈ ಧಾರಾಳವೇ. ಆದರೆ ತಾನು ಬಲ್ಲದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವ ಮಾತು ಬಂತೆಂದರೆ ಅಷ್ಟು ಬಿಗಿಮುಷ್ಟಿಯವನು ನಾಲ್ಕು ತಾಲೂಕು ಹುಡುಕಿದರೂ ಸಿಗಲಿಕ್ಕಿಲ್ಲ. ಬಸವನ ಬಾಗೇವಾಡಿಯ ಕಚೇರಿಯಲ್ಲಿ ಹದಿಮೂರು ವರ್ಷ ಒಂದೇ ಮೇಜಿನ ಮುಂದೆ ಕೂತು, ಒಂದೇ ಒಂದು ಸಾಲನ್ನು ಯಾರ ಕಣ್ಣಿಗೂ ಬೀಳದಂತೆ ಟೈಪ್ ಮಾಡಿ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಆ ಸಾಲನ್ನು ತಲೆಯಲ್ಲಿಟ್ಟುಕೊಂಡೇ ಸಿಂದಗಿಯ ಬಸ್ಸು ಹತ್ತಿದವನು ಅವನು.

ಕಚೇರಿ ಎಂದರೆ ಡೋಣಿ ಬಯಲು ನೀರು ಬಳಕೆದಾರರ ಒಕ್ಕೂಟ. ಕಾಲುವೆಗೆ ನೀರು ಬಿಟ್ಟಾಗ ಯಾವ ಹೊಲಕ್ಕೆ ಯಾವ ದಿನ ಎಷ್ಟು ತಾಸು ನೀರು ಎಂಬ ಪಾಳಿ ಪಟ್ಟಿ ತೆಗೆಯುವುದು ಅದರ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಹೀಗೆ ನಾಲ್ಕು ತಾಲೂಕಿನ ಹಳ್ಳಿಗಳು ಅದಕ್ಕೆ ಸೇರಿವೆ. ಪಟ್ಟಿ ತೆಗೆಯುವ ಪ್ರೋಗ್ರಾಮನ್ನು ಪುಣೆಯಿಂದ ಬಂದ ಒಬ್ಬಾತ ಬರೆದುಕೊಟ್ಟು, ಒಂದು ಹಾಳೆಯ ಟಿಪ್ಪಣಿಯನ್ನೂ ಬಿಡದೆ ಹೊರಟುಹೋದ. ಅದು ಸಿ ಭಾಷೆಯಲ್ಲಿದೆ. ನಡುನಡುವೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳು ಡೇಟಾಬೇಸಿನದೇ ಭಾಷೆಯಲ್ಲಿವೆ. ಸಿ ಕಂಪೈಲರಿಗೆ ಆ ಭಾಷೆ ತಿಳಿಯದು. ಆದ್ದರಿಂದ ಮೊದಲು ಪ್ರಿಪ್ರೊಸೆಸರ್ ಎಂಬುದು ಇಡೀ ಬರಹವನ್ನು ಓದಿ, ಆ ಪ್ರಶ್ನೆಗಳನ್ನೆಲ್ಲ ಸಿ ಭಾಷೆಗೆ ತಿರುಗಿಸಿ ಕೊಡಬೇಕು. ಹೇಗೆ ತಿರುಗಿಸಬೇಕು ಎಂಬುದನ್ನು ಆಜ್ಞೆ ಕೊಡುವ ಸಾಲಿನಲ್ಲೇ ಅದಕ್ಕೆ ತಿಳಿಸಬೇಕು: ಒಂದು ಅಡ್ಡಗೆರೆ, ಅದಕ್ಕೆ ಹತ್ತಿದಂತೆ ಒಂದು ಅಕ್ಷರ. ಒಂದೊಂದು ಅಕ್ಷರಕ್ಕೂ ಒಂದೊಂದು ಅರ್ಥ. ಬೇಕಾದ ಅಕ್ಷರ ಬಿಟ್ಟುಹೋದರೂ ಪ್ರೋಗ್ರಾಮು ತಯಾರಾಗುತ್ತದೆ, ತಪ್ಪೆಂದು ಯಾರೂ ಕೂಗುವುದಿಲ್ಲ. ಅದು ತಪ್ಪಾಗಿ ನಡೆದುಕೊಳ್ಳುವುದು ಆಮೇಲೆ, ರೈತರು ಕಿಟಕಿಯ ಮುಂದೆ ಬಂದು ನಿಂತಾಗ.

ಆಗ ಜೈನುದ್ದೀನ ಕಾಲುವೆಯ ಮೇಲೆ ನೀರಿನ ಮಟ್ಟ ಅಳೆದು ಬರೆಯುವ ದಿನಗೂಲಿಯವ. ಹನ್ನೊಂದು ವರ್ಷ ಹಾಗೆಯೇ ಕಳೆದಿದ್ದ. ಪಟ್ಟಿ ಕೆಟ್ಟು ನಿಂತ ಒಂದು ಹಂಗಾಮಿನಲ್ಲಿ, ಯಾರಿಗೂ ಬೇಡವಾದ ಆ ಕಂಪ್ಯೂಟರಿನ ಮುಂದೆ ಅವನನ್ನು ಕೂಡಿಸಿದರು. ಅಡ್ಡಗೆರೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಪ್ರಿಪ್ರೊಸೆಸರ್ ತನ್ನ ಆಯ್ಕೆಗಳ ಯಾದಿಯನ್ನು ತಾನೇ ಕೊಡುತ್ತದೆ ಎಂಬುದು ಅವನಿಗೆ ಅಕಸ್ಮಾತ್ ತಿಳಿಯಿತು. ಒಂದು ಪುಟವೂ ತುಂಬದ ಇಂಗ್ಲಿಷ್. ಅದನ್ನು ಮುದ್ರಿಸಿಕೊಂಡು, ಮಗಳ ಸಾಲೆಯ ನಿಘಂಟು ಪಕ್ಕಕ್ಕಿಟ್ಟುಕೊಂಡು ಎಂಟು ತಿಂಗಳು ಓದಿದ. ಒಂದೊಂದೇ ಅಕ್ಷರ ಹಾಕಿ ನೋಡಿದ, ತೆಗೆದು ನೋಡಿದ. ಕೊನೆಗೆ ಪಟ್ಟಿ ಸರಿಯಾಗಿ ಬಂತು. ಆ ವರ್ಷವೇ ಅವನನ್ನು ಕಾಯಂ ಮಾಡಿದರು, ಏಕೆಂದರೆ ಆ ಸಾಲು ಬಲ್ಲವನು ಅವನೊಬ್ಬನೇ. ಈ ಕಾರಣವನ್ನು ಅವನು ಯಾವತ್ತೂ ಮರೆಯಲಿಲ್ಲ.

ತಾಸಿನ ಹಂಚಿಕೆ ಬದಲಾದಾಗಲೆಲ್ಲ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಬೇಕಾಗುತ್ತಿತ್ತು. ಆಗ ಅವನು ಕುರ್ಚಿಯನ್ನು ಮುಂದೆ ಎಳೆದುಕೊಂಡು, ಎರಡೂ ಮೊಣಕೈ ಅಗಲಿಸಿ, ಪರದೆಗೆ ಬೆನ್ನಿನ ಮರೆ ಮಾಡಿ ಟೈಪ್ ಮಾಡುತ್ತಿದ್ದ. ಮುಗಿದ ಕೂಡಲೇ ಆ ಸಾಲಿನ ಗುರುತನ್ನು ಕಂಪ್ಯೂಟರಿನಿಂದಲೂ ಅಳಿಸುತ್ತಿದ್ದ.

“ಮುಜಾವರ ಸರ್ರ, ಒಂದ್ ಚೀಟಿ ಮ್ಯಾಲ ಬರದಿಡ್ರಲಾ,” ಎಂದು ಗುಮಾಸ್ತ ಸಿದ್ದಾರೂಢ ಒಮ್ಮೆ ಅಂದಿದ್ದ. “ನಾಳಿ ನೀವು ಜಡ್ಡ ಬಿದ್ರ ನಮ್ಮ ಗತಿ ಏನ್ರಿ?”

“ನಾ ಜಡ್ಡ ಬೀಳಂಗಿಲ್ಲ ಬಿಡೋ.”

“ಅದನ್ನೂ ಬರದ ಕೊಟ್ಟಬಿಡ್ರಿ ಹಂಗಾರ.”

ಕಚೇರಿ ನಕ್ಕಿತು. ಜೈನುದ್ದೀನನೂ ನಕ್ಕ. ಚೀಟಿ ಮಾತ್ರ ಬರೆಯಲಿಲ್ಲ.

ನಿವೃತ್ತಿಯಾದ ಮೊದಲ ವರ್ಷ ಎರಡು ಸಲ ಕರೆ ಬಂತು. ಕಾರ್ಯದರ್ಶಿ ಸಂಜೀವಕುಮಾರ ಸಾಹೇಬರು ತಾವೇ ಫೋನು ಮಾಡಿ ಜೀಪು ಕಳಿಸಿದರು. ಅವನು ಒಳಗೆ ಕಾಲಿಟ್ಟಾಗ ಕುರ್ಚಿಯಲ್ಲಿದ್ದವರು ಎದ್ದರು. ಕಿಟಕಿಯ ಹೊರಗೆ ನಿಂತ ರೈತರು “ಬಂದ್ರಪಾ, ಮುಜಾವರ ಬಂದ್ರು” ಎಂದರು. ಎರಡು ನಿಮಿಷದ ಕೆಲಸ. ಅದನ್ನು ಅವನು ಮುಕ್ಕಾಲು ತಾಸು ಮಾಡಿದ. ಎರಡನೆಯ ವರ್ಷ ತಾಸಿನ ಹಂಚಿಕೆ ಬದಲಾಗಲಿಲ್ಲ, ಪ್ರೋಗ್ರಾಮನ್ನು ಕಟ್ಟುವ ಪ್ರಸಂಗವೂ ಬರಲಿಲ್ಲ. ಫೋನೂ ಬರಲಿಲ್ಲ.

ಆ ವರ್ಷ ಅವನಿಗೆ ಮನೆಯಲ್ಲಿ ಕೂಡಲು ಕಷ್ಟವಾಯಿತು. ಸಿಂದಗಿಯ ಮನೆ ಸಣ್ಣದಲ್ಲ, ಹೆಂಡತಿ ರಹಿಮಾಬಿ ಒಳ್ಳೆಯ ಮಾತುಗಾರ್ತಿ, ಮಗಳು ಶಮಾ ಇಂಡಿಯಿಂದ ಎರಡು ವಾರಕ್ಕೊಮ್ಮೆ ಬಂದುಹೋಗುವವಳು. ಕೊರತೆ ಅಲ್ಲಿರಲಿಲ್ಲ. ಬೆಳಿಗ್ಗೆ ಹತ್ತಾಗುತ್ತಲೇ ಅವನ ಬೆರಳುಗಳು ತೊಡೆಯ ಮೇಲೆ ಆ ಸಾಲನ್ನು ಒತ್ತುತ್ತಿದ್ದವು, ಮೊದಲಿನಿಂದ ಕೊನೆಯವರೆಗೆ, ಜಾಗ ಬಿಡುವಲ್ಲಿ ಜಾಗ ಬಿಟ್ಟು. ಹಳೆಯ ಮುದ್ರಣಯಂತ್ರ ಕಿರ್ರ್ ಎಂದು ಪಟ್ಟಿ ಉಗುಳುವ ಸದ್ದು, ಹೊರಗಿನಿಂದ “ನಮ್ಮ ಪಾಳಿ ಯಾವಾಗ್ರಿ” ಎಂದು ಕೇಳುವ ದನಿ, ಅದಕ್ಕೆ ತಾನು ತಲೆ ಎತ್ತದೆ “ತಡೀರಿ” ಎನ್ನುವುದು, ಇಷ್ಟೇ ಅವನಿಗೆ ಬೇಕಾಗಿದ್ದದ್ದು. ಆ “ತಡೀರಿ” ಎಂಬ ಮಾತನ್ನು ಈಗ ಅವನು ಯಾರಿಗೂ ಹೇಳುವಂತಿರಲಿಲ್ಲ. ನಮಾಜಿಗೆ ಹೋಗುವಾಗ ಮಾತ್ರ ಫೋನು ಮನೆಯಲ್ಲಿ ಬಿಡುತ್ತಿದ್ದ. ಬಂದವನೇ ಮೊದಲು ಅದನ್ನು ಎತ್ತಿ ನೋಡುತ್ತಿದ್ದ.

“ನನ್ನ ಬದ್ಲಿ ಆ ಫೋನಿನ ಕೂಡ ನಿಕಾ ಮಾಡ್ಕೊಬೇಕಿತ್ತು ನೀವು,” ಎಂದಳು ರಹಿಮಾಬಿ.

“ಅದರ ಮಾತು ಕಮ್ಮಿ.”

“ಕಮ್ಮಿ ಏನ್ರಿ, ಒಂದ ವರ್ಸ ಆತು, ಬಾಯಿನ ಬಿಟ್ಟಿಲ್ಲ ಅದು.”

ಈ ವರ್ಷ ಮಳೆಗಾಲದ ಒಂದು ಬುಧವಾರ, ಹನ್ನೊಂದರ ಹೊತ್ತಿಗೆ, ಫೋನಿನ ಬದಲು ಒಬ್ಬ ಹುಡುಗಿಯೇ ಬಾಗಿಲಿಗೆ ಬಂದಳು. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು.

“ನಮಸ್ಕಾರ್ರಿ ಸರ್ರ. ನಾ ದಾನೇಶ್ವರಿ. ನಿಮ್ಮ ಕುರ್ಚಿ ಮ್ಯಾಲ ಈಗ ನಾ ಕೂಡ್ತೇನ್ರಿ.”

ಜೈನುದ್ದೀನ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. “ಆ ಕುರ್ಚಿದೊಂದ್ ಕಾಲು ಅಲಗಾಡತಿತ್ತು. ಹಂಗ ಐತೇನ್ರಿ ಮೇಡಮ್ಮಾರ?”

“ಕೆಳಗ ಇಟ್ಟಂಗಿ ಚೂರು ಇಟ್ಟಾರ್ರಿ.”

“ಇಟ್ಟಾಂವ ನಾನ.”

ದಾನೇಶ್ವರಿ ಒಕ್ಕೂಟಕ್ಕೆ ಒಂದು ವರ್ಷದ ಕರಾರಿನ ಮೇಲೆ ಬಂದವಳು. ಸೆಪ್ಟೆಂಬರಿಗೆ ಕರಾರು ಮುಗಿಯುತ್ತಿತ್ತು. ಜೂನಿನಲ್ಲಿ ಸಿಡಿಲು ಹೊಡೆದು ಹಳೆಯ ಕಂಪ್ಯೂಟರ್ ಸುಟ್ಟಿತೆಂದೂ, ಪ್ರೋಗ್ರಾಮಿನ ಬರಹ ಬೇರೆ ಕಡೆ ಉಳಿದಿದ್ದರಿಂದ ಹೊಸ ಯಂತ್ರವಾದ ಈ ಲ್ಯಾಪ್‌ಟಾಪಿನ ಮೇಲೆ ತಾನೇ ಅದನ್ನು ಕಟ್ಟಿದೆನೆಂದೂ ಹೇಳಿದಳು. ಯಾವ ಆಯ್ಕೆಯನ್ನೂ ಹಾಕಿರಲಿಲ್ಲ, ಯಾಕೆಂದರೆ ಯಾವುದು ಬೇಕೆಂದು ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

“ಪಟ್ಟಿ ಸುರು ಆಗತೈತ್ರಿ. ಹದಿನೇಳನೇ ಹೆಸರಿಗೆ ಬಂದು ನಿಂತಬಿಡತೈತಿ. ತಾಸಿನ ಕಾಲಮ್ಮಿನ್ಯಾಗ ಖಾಲಿ ಐತಿ, ನಾ ಮುಂದ ಹೋಗಂಗಿಲ್ಲ ಅಂತೈತಿ. ನಮ್ಮ ಕಾಲೇಜಿನ ಗೆಳತಿ ಒಬ್ಬಾಕಿ, ಖಾಲಿ ಬಂದಲ್ಲೆ ಸೊನ್ನಿ ಬರೂವಂಗ ಮಾಡು ಅಂದ್ಲು. ಮಾಡಿದ್ನಿ. ಪಟ್ಟಿ ಪೂರಾ ಬಂತ್ರಿ.”

ಜೈನುದ್ದೀನ ಕಣ್ಣು ಮುಚ್ಚಿದ. “ಸೊನ್ನಿ ಹಾಕಿದಿ.”

“ಹಾಕಿದ್ನಿರಿ. ಮರುದಿನ ಮುದ್ದೇಬಿಹಾಳ ಕಡೆಯಿಂದ ರುಕ್ಮವ್ವ ಅಂತ ಒಬ್ಬಾಕಿ ಕಿಟಕಿಗೆ ಬಂದು ಪಟ್ಟಿ ತೋರ್ಸಿದ್ಲು. ‘ನಮ್ಮ ಮನಿಯವರು ಸತ್ತಾರ ಖರೆ ಯವ್ವಾ, ಹೊಲ ಸತ್ತಿಲ್ಲಲಾ’ ಅಂದ್ಲು. ಅದಕ್ಕ ನಿಮ್ಮ ಕಡೆ ಬಂದ್ನಿರಿ.”

ಒಕ್ಕೂಟದ ಹಳ್ಳಿಗಳಲ್ಲಿ ಒಂದು ವಾಡಿಕೆಯಿತ್ತು. ಹೊಲದ ಯಜಮಾನ ತೀರಿಕೊಂಡು, ವಾರಸುದಾರರ ಹೆಸರು ಇನ್ನೂ ಏರದೆ ಇದ್ದರೆ, ಅವನ ತಾಸಿನ ಜಾಗವನ್ನು ಖಾಲಿ ಬಿಡುತ್ತಿದ್ದರು. ಖಾಲಿ ಎಂದರೆ ಆ ಪಾಳಿ, ಮೊದಲಿನಷ್ಟೇ ತಾಸು, ಇನ್ನೂ ಆ ಮನೆಯದೇ. ಬದುವಿಗೆ ಹತ್ತಿದ ಪಕ್ಕದ ಹೊಲದವರು ಅದರಲ್ಲಿ ನೀರು ಹಾಯಿಸಿ ಕೊಡಬೇಕು. ಹಾಗೆ ಹಾಯಿಸುವವರ ಹೆಸರನ್ನು ಪ್ರತಿ ಹಂಗಾಮಿಗೂ ಪ್ರೋಗ್ರಾಮಿನಲ್ಲಿ ಹೊಸದಾಗಿ ತುಂಬುತ್ತಿದ್ದರು. ಸೊನ್ನೆ ಎಂದರೆ ಆ ಹೊಲಕ್ಕೆ ನೀರು ಬೇಡವೆಂದು ಬರೆದುಕೊಟ್ಟ ಹಾಗೆ. ಈ ವರ್ಷ ಅಂಥ ಹೊಲಗಳು ಮೂವತ್ತೊಂದು ಇದ್ದವು.

ಜೈನುದ್ದೀನ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಳ್ಳಲು ಕೈ ಚಾಚಿದ. ಅವಳು ಬಿಡಲಿಲ್ಲ.

“ನೀವು ಹೇಳ್ರಿ ಸರ್ರ, ನಾ ಹೊಡೀತೇನಿ. ಮುಂದಿನ ಸಲ ನಿಮಗ ತ್ರಾಸ ಕೊಡೂದು ಬ್ಯಾಡ.”

ಈ ಕೊನೆಯ ಮಾತು ಅವನಿಗೆ ತಾಗಿತು. ಅವಳಿಗೆ ಅದರ ಅರಿವಿರಲಿಲ್ಲ. ಅವನು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು ಹೇಳತೊಡಗಿದ. ಹೇಳತೊಡಗಿದ ಮೇಲೆ ಅವನ ದನಿಯೇ ಬೇರೆಯಾಯಿತು. ದೊಡ್ಡ ಐ ಅಕ್ಷರ ನಾಲ್ಕು ಸಲ, ಒಂದೊಂದರ ಮುಂದೆ ಒಂದೊಂದು ತಾಲೂಕಿನ ಫೋಲ್ಡರು. ಬರಹದಲ್ಲಿ ಸೇರಿಸಬೇಕಾದ ತುಣುಕುಗಳನ್ನು ಎಲ್ಲಿ ಹುಡುಕಬೇಕೆಂದು ಅದು ಹೇಳುತ್ತದೆ. ಮೊದಲು ಸಿಕ್ಕ ಫೋಲ್ಡರಿನದನ್ನೇ ಅದು ಎತ್ತಿಕೊಳ್ಳುವುದರಿಂದ ಬಾಗೇವಾಡಿ ಮೊದಲು ಬರಬೇಕು. ಸಣ್ಣ ಓ, ತಿರುಗಿಸಿದ ಬರಹವನ್ನು ಯಾವ ಹೆಸರಿನಲ್ಲಿ ಇಡಬೇಕೆಂದು ಹೇಳಲಿಕ್ಕೆ. ಆಮೇಲೆ ಸಣ್ಣ ಆರ್.

“ಆರ್ ಮುಂದ ‘ನೋ ಇಂಡಿಕೇಟರ್’ ಅಂತ ಹೊಡಿ. ನಡುವ ಅಂಡರ್‌ಸ್ಕೋರ್. ಇದೊಂದು ಹಾಕಿದಿ ಅಂದ್ರ, ಖಾಲಿ ಬಂದಾಗ ಅದು ನಿಂದ್ರಂಗಿಲ್ಲ. ಖಾಲಿಗೆ ಒಂದು ಗುರ್ತು ಹಚ್ಚಿ ಮುಂದ ದಾಟಸತೈತಿ. ಆ ಗುರ್ತು ಕಂಡಲ್ಲೆ ಖಾಲೀನ ಛಾಪಿಸಬೇಕು ಅಂತ ಪುಣೇದಾಂವ ಬರದಿಟ್ಟಾನ. ತಿಳೀತಿಲ್ಲೊ?”

“ತಿಳೀತ್ರಿ. ಖಾಲಿ ಬ್ಯಾರೆ, ಸೊನ್ನಿ ಬ್ಯಾರೆ.”

“ಇಷ್ಟು ತಿಳಿಯಾಕ ನನಗ ಮೂರು ತಿಂಗಳು ಹಿಡದಿತ್ತು,” ಎಂದ ಜೈನುದ್ದೀನ.

ಅವಳು ತಾನು ಸೇರಿಸಿದ್ದ ಸೊನ್ನೆಯನ್ನು ತೆಗೆದು ಕಟ್ಟಿ ನೋಡಿದಳು. ಪಟ್ಟಿ ಹದಿನೇಳನೆಯ ಹೆಸರನ್ನು ದಾಟಿ ಸರಸರನೆ ಮುಂದೆ ಹೋಯಿತು. ಮೂವತ್ತೊಂದು ಜಾಗಗಳು ಖಾಲಿಯಾಗಿಯೇ ಬಂದವು. ಅವಳು ಬೆರಳಿಟ್ಟು ಎಣಿಸಿದಳು, ಮುಖದ ಮೇಲೆ ನಗು ತಂತಾನೇ ಬಂತು.

“ಇಷ್ಟ ಏನ್ರಿ ಸರ್ರ? ಮತ್ತೇನರ ಐತೇನ್ರಿ?”

ಇನ್ನೊಂದು ಅಕ್ಷರವಿತ್ತು. ಸಣ್ಣ ಟಿ. ಅದನ್ನು ಹಾಕಿದರೆ ಪ್ರೋಗ್ರಾಮಿನಲ್ಲಿ ತುಂಬಿದ್ದು ತುಂಬಿದ ಕೂಡಲೇ ಡೇಟಾಬೇಸಿನಲ್ಲಿ ಕಾಯಂ ಆಗುತ್ತದೆ. ಹಾಕದಿದ್ದರೆ, ಇನ್ನು ಉಳಿಸು ಎಂದು ಪ್ರೋಗ್ರಾಮೇ ಬಾಯಿಬಿಟ್ಟು ಹೇಳುವ ತನಕ ಯಾವುದೂ ಉಳಿಯುವುದಿಲ್ಲ. ಪುಣೆಯವನು ಹಾಗೆ ಹೇಳುವ ಒಂದು ಸಾಲನ್ನೂ ಎಲ್ಲೂ ಬರೆದಿರಲಿಲ್ಲ. ಆ ಹೊಣೆಯನ್ನೆಲ್ಲ ಟಿ ಅಕ್ಷರಕ್ಕೆ ಬಿಟ್ಟಿದ್ದ. ಟಿ ಇಲ್ಲದೆ ಕಟ್ಟಿದರೆ ಅವಳು ತುಂಬಿದ ಹೆಸರುಗಳು ಪರದೆಯ ಮೇಲೆ ಕಾಣುತ್ತವೆ, ಪ್ರೋಗ್ರಾಮು ಮುಚ್ಚಿದೊಡನೆ ಹೋಗುತ್ತವೆ.

“ಇಷ್ಟ,” ಎಂದ ಜೈನುದ್ದೀನ.

ರಹಿಮಾಬಿ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟು “ಉಂಡ ಹೋಗವಾ” ಎಂದಳು. ಬಸ್ಸು ತಪ್ಪುತ್ತದೆಂದು ದಾನೇಶ್ವರಿ ನಿಂತೇ ಒಂದು ರೊಟ್ಟಿ ತಿಂದಳು. ಶನಿವಾರ ಕಾಲುವೆಗೆ ನೀರು ಬಿಡುತ್ತಾರೆ, ನಾಳೆ ಗುರುವಾರ ಇಡೀ ದಿನ ಕೂತು ಹೆಸರು ತುಂಬುತ್ತೇನೆ, ಶುಕ್ರವಾರ ನಾಲ್ಕೂ ತಾಲೂಕಿನವರು ತಮ್ಮ ತಮ್ಮ ಕಚೇರಿಯ ಕಂಪ್ಯೂಟರಿನಿಂದಲೇ ಪಟ್ಟಿ ತೆಗೆದುಕೊಳ್ಳುತ್ತಾರೆ ಎಂದಳು. ಹೋಗುವಾಗ ಅವನ ಕಾಲು ಮುಟ್ಟಲು ಬಗ್ಗಿದಳು. ಅವನು ಹಿಂದೆ ಸರಿದ.

ಅವನ ಲೆಕ್ಕ ಸರಳವಾಗಿತ್ತು. ಗುರುವಾರ ಸಂಜೆ ಅವಳು ಪ್ರೋಗ್ರಾಮು ಮುಚ್ಚುತ್ತಾಳೆ. ಶುಕ್ರವಾರ ಹತ್ತಕ್ಕೆ ತೆಗೆದಾಗ ಹೆಸರುಗಳಿರುವುದಿಲ್ಲ. ಹತ್ತೂವರೆಗೆ ಫೋನು, ಹನ್ನೆರಡಕ್ಕೆ ಜೀಪು. ನೀರಿಗೆ ಇನ್ನೂ ಒಂದು ದಿನ ಉಳಿದಿರುತ್ತದೆ, ಯಾರಿಗೂ ನಷ್ಟವಿಲ್ಲ. ಎರಡು ನಿಮಿಷದ ಕೆಲಸ. ಗುರುವಾರ ಬೆಳಿಗ್ಗೆ ಅವನು ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದ.

“ಯಾರ ಲಗ್ನ ಐತಿ?” ಎಂದಳು ರಹಿಮಾಬಿ. ಅವನು ಕಾಲರಿನ ಮಡಿಕೆ ತೀಡಿದ. ಅವಳಿಗೆ ಏನೋ ಹೊಳೆದಿರಬೇಕು. “ಆ ಹುಡುಗಿ ಮತ್ತ ಬರ್ತಾಳೇನು? ಎಲ್ಲಾ ಹೇಳಿ ಕಳಸೀರಿ ಅಂತ ತಿಳದಿದ್ದೆ.”

“ನಿನಗ ತಿಳಿಯೂ ವಿಷಯ ಅಲ್ಲ ಅದು.”

“ನನಗ ನಿಮ್ಮ ಅಂಗಿ ವಿಷಯ ತಿಳಿತೈತಿ,” ಎಂದು ಅವಳು ಒಳಗೆ ಹೋದಳು.

ಅದೇ ಗುರುವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಮನೆಯಿಂದ ಫೋನು ಎತ್ತಿಕೊಂಡು ಅವನು ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಗೆ ಬಂದಾಗ, ಮೋರಟಗಿಯ ಬಸಂತರಾಯ ಬೆಂಚಿನ ಮೇಲೆ ಗೊಬ್ಬರದ ಚೀಲ ಇಟ್ಟುಕೊಂಡು ಕೂತಿದ್ದ. ಕಾಲುವೆಯ ತುದಿಯ ರೈತ, ಕಿಟಕಿಯ ಮುಂದೆ ಮೂವತ್ತು ಸಲವಾದರೂ ನಿಂತು ಜೈನುದ್ದೀನನ ಜೊತೆ ಜಗಳಾಡಿದವನು.

“ಬರ್ರಿ ಜೈನುಸಾಬ್ರ. ನಾಳಿ ಮುಂಜಾನೆನ ನೀರು.”

“ಶನಿವಾರಲ್ಲೇನು?”

“ಆಲಮಟ್ಟಿ ತುಂಬೇತಿ. ಒಂದ ದಿನಾ ಮೊದ್ಲ ಬಿಡ್ತಾರಂತ. ಇವತ್ತ ಸಂಜಿಕ ಎಲ್ಲಾ ಊರಾಗ ಪಟ್ಟಿ ಹಚ್ಚತಾರಂತ. ನಾ ಅದಕ್ಕ ಗೊಬ್ಬರಾ ಒಯ್ಯಾಕತ್ತೇನಿ. ನಮ್ಮ ಬದುವಿಗೆ ಬಿಬಿಜಾನಳ ಹೊಲ ಐತಲ್ಲ, ಗಂಡ ತೀರಿಕೊಂಡಾನ, ಈ ಸಲ ಆಕಿ ನೀರೂ ನಾನ ಹಾಯಿಸಬೇಕು. ನಾಲ್ಕು ಎಕರೆ ತೊಗರಿ ಐತಿ, ಪಾಪ, ಮೂರು ಹೆಣ್ಣಮಕ್ಕಳು.”

“ಪಟ್ಟಿಯಾಗ ನಿನ್ನ ಹೆಸರು ಬರ್ತೈತೇನು?”

“ಬರ್ದ ಇದ್ರ ಹ್ಯಾಂಗ? ಹೆಸರಿಲ್ಲ ಅಂದ್ರ ಮ್ಯಾಲಿನ ಹೊಲದವರು ಗೇಟ್ ಮುಟ್ಟಾಕ ಬಿಡ್ತಾರೇನ್ರಿ? ಹೋದ ವರ್ಸ ಗುದ್ದಲಿ ಎತ್ಕೊಂಡ ನಿಂತಿದ್ರು. ಆ ಹೊಸ ಮೇಡಂ ಭಾಳ ಚಲೋ ಅದಾಳ ಬಿಡ್ರಿ. ಮುಂಜಾನೆ ಫೋನ್ ಮಾಡಿ ಕೇಳಿದೆ, ನಿಮ್ಮ ಹೆಸರು ತುಂಬೇನಿ ಅಜ್ಜಾ ಅಂದ್ಲು. ನೀವು ಹದಿಮೂರು ವರ್ಸನ್ಯಾಗ ಒಮ್ಮಿನೂ ಹಂಗ ಹೇಳಲಿಲ್ಲ. ಬರೇ ತಡೀರಿ ತಡೀರಿ ಅಂತಿದ್ರಿ.”

ಚಹಾ ಬಂತು. ಜೈನುದ್ದೀನ ಅದನ್ನು ಮುಟ್ಟಲಿಲ್ಲ. ಬಸಂತರಾಯನ ಬಸ್ಸು ಬಂದು, ಅವನು ಚೀಲ ಹೊತ್ತು ಹತ್ತಿ ಹೋದ ಮೇಲೂ ಕೂತೇ ಇದ್ದ.

ನಾಲ್ಕೂ ತಾಲೂಕಿನಲ್ಲಿ ಸಂಜೆ ಪಟ್ಟಿ ತೆಗೆಯುತ್ತಾರೆ. ಮೂವತ್ತೊಂದು ಹೊಲಗಳ ಮುಂದೆ ತಾಸೂ ಖಾಲಿ, ನೀರು ಹಾಯಿಸುವವರ ಹೆಸರೂ ಖಾಲಿ. ಬೆಳಿಗ್ಗೆ ಗೇಟಿನ ಹತ್ತಿರ ಜಗಳ ಹತ್ತುತ್ತದೆ. ಹುಡುಗಿ ತಾನು ತುಂಬಿದ್ದೇನೆ ಎನ್ನುತ್ತಾಳೆ, ಒಬ್ಬರೂ ನಂಬುವುದಿಲ್ಲ. ಆಗ ಸಾಹೇಬರು ಮುಜಾವರರಿಗೆ ಫೋನು ಹಚ್ಚಿ ಎನ್ನುತ್ತಾರೆ. ಹೌದು, ಕರೆ ಬಂದೇ ಬರುತ್ತದೆ. ಹಿಂದಿನ ಯಾವ ಕರೆಗಿಂತಲೂ ದೊಡ್ಡದಾಗಿ ಬರುತ್ತದೆ. ಜೀಪು ಕಿಟಕಿಯ ಮುಂದೆ ನಿಂತಾಗ ಎಷ್ಟು ಜನ ನೆರೆದಿರುತ್ತಾರೆ ಎಂಬುದನ್ನೂ ಅವನು ಕಂಡ. ಹೋದ ವರ್ಷದಿಂದ ಅವನು ಹಂಬಲಿಸಿದ್ದು ಇದಕ್ಕೇ. ಸುಮ್ಮನೆ ಮನೆಗೆ ಹೋಗಿ ಕೂತರೆ ಸಾಕಾಗಿತ್ತು.

ಅವನು ಫೋನು ತೆಗೆದ. ದಾನೇಶ್ವರಿಯ ನಂಬರು ಅವನ ಬಳಿ ಇರಲಿಲ್ಲ. ಅವಳು ಕೊಡಲು ಬಂದಾಗ ಬೇಡವೆಂದಿದ್ದ, ಕರೆ ಆ ಕಡೆಯಿಂದಲೇ ಬರಲೆಂದು. ಸಿದ್ದಾರೂಢನಿಗೆ ಹಚ್ಚಿ ಅವಳನ್ನು ಕರೆಯಲು ಹೇಳಿದ.

“ಸರ್ರ, ಈಗ ತಾನ ಮುಗೀತ್ರಿ,” ಎಂದಳು ಅವಳು. “ಮೂವತ್ತೊಂದೂ ತುಂಬೇನಿ. ಬಂದ್ ಮಾಡಿ ಏಳಾಕಿ ಇದ್ದೆ.”

“ಬಂದ್ ಮಾಡಿದಿ ಅಂದ್ರ ಎಲ್ಲಾ ಹೋಗತಾವ. ಒಂದು ಅಕ್ಷರ ಉಳದೈತಿ. ಅದನ್ನ ಹಾಕಿ ಮತ್ತ ಕಟ್ಟಬೇಕು, ಹೆಸರು ಮತ್ತ ತುಂಬಬೇಕು. ತುಂಬಿದ್ದನ್ನ ಮೊದಲ ಒಂದು ಪ್ರತಿ ಛಾಪಿಸಿಕೊ, ನೋಡಿ ತುಂಬಾಕ ಬರತೈತಿ. ಒಂದು ತಾಸಿನ ಕೆಲಸ. ಆಗತೈತಿ.”

“ನಿನ್ನಿ ಮರತಿದ್ರೇನ್ರಿ ಸರ್ರ?”

ಮರೆತಿದ್ದೆ ಎನ್ನುವುದು ಸುಲಭವಿತ್ತು, ಅವಳೇ ಆ ಮಾತನ್ನು ಅವನ ಕೈಗೆ ಕೊಟ್ಟಿದ್ದಳು.

“ಮರತಿರಲಿಲ್ಲ,” ಎಂದ ಜೈನುದ್ದೀನ. “ಬೇಕಂತ ಬಿಟ್ಟಿದ್ದೆ.”

ಮುದ್ರಣಯಂತ್ರ ಕಿರ್ರ್ ಎನ್ನುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಅವನು ಅದು ನಿಲ್ಲುವವರೆಗೆ ಕಾದ.

“ಪೆನ್ ತಗೊ. ಲ್ಯಾಪ್‌ಟಾಪಿನ್ಯಾಗ ಬ್ಯಾಡ, ಹಾಳಿ ಮ್ಯಾಲ ಬರಿ, ದೊಡ್ಡ ಅಕ್ಷರದಾಗ. ಸಿದ್ದಾರೂಢನೂ ಬರಕೊಳ್ಳಲಿ. ಮೊದಲಿಂದ ಹೇಳತೇನಿ.”

ಅಂಗಡಿಯ ಬೆಂಚಿನ ಮೇಲೆ ಕೂತು, ಬಸ್ಸುಗಳ ಗದ್ದಲದಲ್ಲಿ, ಅವನು ಇಡೀ ಸಾಲನ್ನು ಗಟ್ಟಿಯಾಗಿ ಹೇಳಿದ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಇಬ್ಬರು ತಿರುಗಿ ನೋಡಿದರು.

“ಬರದಿ? ಈಗ ಓದು.”

ಅವಳು ಓದಿದಳು.

“ಟಿ ಆದ ಮ್ಯಾಲ ಒಂದು ಜಾಗ ಬಿಡಬೇಕು,” ಎಂದ. “ತಿದ್ದಿಕೊ. ಇನ್ನೊಮ್ಮೆ ಓದು.”